ಚಳ್ಳಕೆರೆ–ಮೊಳಕಾಲ್ಮುರು ಸೀಮೆಯಲ್ಲಿ ವೃದ್ಧರ ಆರೈಕೆ ಮತ್ತು ಶುಶ್ರೂಷಕಿಯರು: ಒಂದು ಚಾರಿತ್ರಿಕ ಅವಲೋಕನ

ಕರ್ನಾಟಕದ ವೈದ್ಯಕೀಯ ಇತಿಹಾಸವನ್ನು ಕುರಿತ ಬರಹಗಳಲ್ಲಿ ಆಸ್ಪತ್ರೆಗಳ ಸ್ಥಾಪನೆ, ಪ್ಲೇಗು–ಕಾಲರಾಗಳ ನಿಯಂತ್ರಣ, ದೇಶೀಯ ವೈದ್ಯಪರಂಪರೆ ಹಾಗೂ ಪ್ರಸಿದ್ಧ ವೈದ್ಯರ ಸಾಧನೆಗಳಿಗೆ ದೊರೆತಿರುವ ಸ್ಥಾನ ಶುಶ್ರೂಷಕಿಯರಿಗೆ ದೊರೆತಿಲ್ಲ. ಅದರಲ್ಲಿಯೂ ಆಸ್ಪತ್ರೆಯ ಹೊರಗೆ, ಹಳ್ಳಿಯ ಮನೆಬಾಗಿಲಿಗೆ ನಡೆದುಹೋಗಿ ಸೇವೆ ಸಲ್ಲಿಸಿದ ಶುಶ್ರೂಷಕಿಯರ ಚರಿತ್ರೆ ಬಹುಮಟ್ಟಿಗೆ ಅಲಕ್ಷಿತವಾಗಿಯೇ ಉಳಿದಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳನ್ನು ಕೇಂದ್ರವಾಗಿರಿಸಿಕೊಂಡು, ಇಂತಹ ಶುಶ್ರೂಷಕಿಯರಿಗೂ ಗ್ರಾಮೀಣ ವೃದ್ಧರಿಗೂ ಇದ್ದ ಸಂಬಂಧವನ್ನು ಚಾರಿತ್ರಿಕವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಲೇಖನದ ಮುಖ್ಯ ಪ್ರತಿಪಾದನೆ ಇಷ್ಟು: ಮನೆಭೇಟಿ ಮಾಡುವ ಸರ್ಕಾರಿ ಶುಶ್ರೂಷಕಿ ಈ ಸೀಮೆಗೆ ಬಂದದ್ದು ಬಸುರಿ, ಬಾಣಂತಿ ಮತ್ತು ಶಿಶುವಿಗಾಗಿ. ಅದೇ ಮನೆಯ ಪಡಸಾಲೆಯಲ್ಲಿ ಮಲಗಿದ್ದ ವೃದ್ಧರನ್ನು ಆಕೆ ಕಂಡರೂ, ಅವರನ್ನು ಬರೆದುಕೊಳ್ಳಲು ಆಕೆಯ ನೋಂದಣಿ ಪುಸ್ತಕದಲ್ಲಿ ಅಂಕಣವಿರಲಿಲ್ಲ. ಆ ಅಂಕಣ ತೆರೆಯಲು ಸ್ವಾತಂತ್ರ್ಯಾನಂತರ ಆರು ದಶಕಗಳೇ ಬೇಕಾದವು. ಈ ವಿಳಂಬದ ಕಾರಣಗಳನ್ನು ವ್ಯಕ್ತಿಗಳ ನಿರ್ಲಕ್ಷ್ಯದಲ್ಲಿ ಅರಸುವುದಕ್ಕಿಂತ ಆರೋಗ್ಯಾಡಳಿತ ಬೆಳೆದುಬಂದ ಕ್ರಮದಲ್ಲಿ ಅರಸುವುದು ಸೂಕ್ತವೆನಿಸುತ್ತದೆ.

ನೆಲ ಮತ್ತು ಜನಜೀವನ

ಚಳ್ಳಕೆರೆ ಹಾಗೂ ಮೊಳಕಾಲ್ಮುರು ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರುತ್ತವೆ. ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿರುವ ಈ ಸೀಮೆಯ ಅನೇಕ ಊರುಗಳಲ್ಲಿ ಕನ್ನಡದೊಂದಿಗೆ ತೆಲುಗೂ ಮನೆಮಾತಾಗಿದೆ. ಮ್ಯಾಸಬೇಡರು, ಕಾಡುಗೊಲ್ಲರು ಮತ್ತು ಕುರುಬರು ಇಲ್ಲಿಯ ಪಶುಪಾಲಕ ಸಂಸ್ಕೃತಿಯ ವಾರಸುದಾರರು. ಚಳ್ಳಕೆರೆ ಶೇಂಗಾ ಎಣ್ಣೆಯ ಗಿರಣಿಗಳಿಗೂ ಕಂಬಳಿಗೂ, ಮೊಳಕಾಲ್ಮುರು ರೇಷ್ಮೆ ಸೀರೆಯ ನೇಯ್ಗೆಗೂ ಹೆಸರಾಗಿವೆ.

ಈ ಹಿನ್ನೆಲೆ ವೃದ್ಧರ ಆರೋಗ್ಯದ ದೃಷ್ಟಿಯಿಂದ ಮುಖ್ಯವಾದುದು. ಮಗ್ಗದ ಮುಂದೆ ದಶಕಗಟ್ಟಲೆ ಕುಳಿತ ನೇಕಾರರ ಮೊಣಕಾಲು, ಬೆನ್ನು ಮತ್ತು ಕಣ್ಣುಗಳು ಮುಪ್ಪಿಗೆ ಮೊದಲೇ ದಣಿಯುತ್ತವೆ. ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಿದ್ದು, ಅಂತಹ ನೀರನ್ನು ದೀರ್ಘಕಾಲ ಕುಡಿದವರಲ್ಲಿ ಕೀಲುಗಳ ಬಿಗಿತ ಮತ್ತು ಮೂಳೆಗಳ ವಿಕಾರ ಕಾಣಿಸಿಕೊಳ್ಳುತ್ತವೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ದುಡಿಯುವ ವಯಸ್ಸಿನವರು ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಗಳಿಗೋ ಗುಳೆ ಹೋಗುತ್ತಾರೆ. ಊರಿನಲ್ಲಿ ಉಳಿಯುವವರು ವೃದ್ಧರು ಮತ್ತು ಅವರ ಮಡಿಲಿಗೆ ಬಿಟ್ಟುಹೋದ ಮಕ್ಕಳು. ಕುಟುಂಬವೇ ವೃದ್ಧರ ಆಸರೆ ಎಂಬ ನಂಬಿಕೆ ಬರಗಾಲದ ವರ್ಷಗಳಲ್ಲಿ ಪರೀಕ್ಷೆಗೆ ಒಳಗಾಗುತ್ತಲೇ ಬಂದಿದೆ. 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ 60 ವರ್ಷ ಮೀರಿದವರ ಪ್ರಮಾಣ ಶೇಕಡಾ 9.5ರಷ್ಟಿದ್ದು, ಇದು ಶೇಕಡಾ 8.6ರಷ್ಟಿದ್ದ ರಾಷ್ಟ್ರೀಯ ಪ್ರಮಾಣಕ್ಕಿಂತ ಹೆಚ್ಚಾಗಿತ್ತು.

‘ಶುಶ್ರೂಷೆ’: ಬ್ರಹ್ಮಗಿರಿ ಶಾಸನದ ಸಾಕ್ಷ್ಯ

ಶುಶ್ರೂಷಕಿಯರ ಚರಿತ್ರೆಗೆ ಪ್ರವೇಶಿಸುವ ಮುನ್ನ ಆ ಪದದ ಚರಿತ್ರೆಯನ್ನು ಗಮನಿಸುವುದು ಅವಶ್ಯ. ಏಕೆಂದರೆ ಅದರ ಅತ್ಯಂತ ಪ್ರಾಚೀನ ಲಿಖಿತ ರೂಪಗಳಲ್ಲೊಂದು ದೊರೆತಿರುವುದು ಮೊಳಕಾಲ್ಮುರು ತಾಲ್ಲೂಕಿನಲ್ಲಿಯೇ. ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದ ಅಶೋಕನ ಲಘು ಶಿಲಾಶಾಸನಗಳು ಕ್ರಿ. ಪೂ. ಮೂರನೆಯ ಶತಮಾನಕ್ಕೆ ಸೇರಿದವು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿಸಲಾದ ಈ ಆಜ್ಞೆಗಳ ಎರಡನೆಯ ಭಾಗ ತಂದೆತಾಯಿಗಳ ವಿಷಯದಲ್ಲಿ ಜನರು ನಡೆದುಕೊಳ್ಳಬೇಕಾದ ರೀತಿಯನ್ನು ತಿಳಿಸುತ್ತದೆ. ಅಲ್ಲಿ ಬಳಕೆಯಾಗಿರುವ ಪ್ರಾಕೃತ ಕ್ರಿಯಾರೂಪ ‘ಸುಸೂಸಿತವಿಯೇ’ ಎಂಬುದು ಸಂಸ್ಕೃತದ ‘ಶುಶ್ರೂಷಾ’ ಶಬ್ದದೊಂದಿಗೆ ಒಂದೇ ಮೂಲದ್ದಾಗಿದೆ. ‘ಶ್ರು’ ಎಂದರೆ ಕೇಳು. ‘ಶುಶ್ರೂಷಾ’ ಎಂದರೆ ಕೇಳಬೇಕೆಂಬ ಇಚ್ಛೆ. ಹಿರಿಯರ ಮಾತಿಗೆ ಕಿವಿಗೊಡುವುದು ಎಂಬ ಅರ್ಥದಿಂದ ವಿಧೇಯತೆ, ಅದರಿಂದ ಸೇವೆ, ಸೇವೆಯಿಂದ ರೋಗಿಯ ಆರೈಕೆ ಎಂಬ ಅರ್ಥಕ್ಕೆ ಈ ಶಬ್ದ ಬೆಳೆದಿದೆ. ಇಂದಿನ ಕನ್ನಡದಲ್ಲಿ ‘ಶುಶ್ರೂಷಕಿ’ ಎಂಬ ವೃತ್ತಿನಾಮ ರೂಪುಗೊಂಡಿರುವುದು ಈ ಶಬ್ದದಿಂದಲೇ.

ಬೇರೆಡೆಗಳಲ್ಲಿ ದೊರೆತಿರುವ ಅಶೋಕನ ಐದನೆಯ ಬೃಹತ್ ಶಿಲಾಶಾಸನವು ಧರ್ಮಮಹಾಮಾತ್ರರು ಯಾರ ಹಿತಸುಖಗಳಿಗೆ ಶ್ರಮಿಸಬೇಕೆಂದು ಹೇಳುವಾಗ ಅನಾಥರೊಂದಿಗೆ ವೃದ್ಧರನ್ನೂ ಹೆಸರಿಸುತ್ತದೆ. ಇಷ್ಟರಿಂದ ಮೌರ್ಯರ ಕಾಲದಲ್ಲಿ ವೃದ್ಧರಿಗೆ ರಾಜ್ಯದಿಂದ ಆರೈಕೆ ದೊರೆಯುತ್ತಿತ್ತೆಂದು ತೀರ್ಮಾನಿಸುವುದು ಸರಿಯಾಗದು. ಆದರೆ ಇಲ್ಲಿ ಎರಡು ಬಗೆಯ ಹೊಣೆಗಳು ಸೂಚಿತವಾಗಿವೆ: ಬ್ರಹ್ಮಗಿರಿಯ ಶಾಸನ ಮಕ್ಕಳ ಹೊಣೆಯನ್ನು ಹೇಳಿದರೆ, ಐದನೆಯ ಶಾಸನ ಅಧಿಕಾರಿಯ ಹೊಣೆಯನ್ನು ಹೇಳುತ್ತದೆ. ಆಧುನಿಕ ಕಾಲದಲ್ಲಿಯೂ ವೃದ್ಧರ ಪ್ರಶ್ನೆ ಈ ಎರಡು ಹೊಣೆಗಳ ನಡುವೆಯೇ ಸುಳಿದಾಡಿದೆ.

ಸಾಂಪ್ರದಾಯಿಕ ಆರೈಕೆ

ಆಧುನಿಕ ವೈದ್ಯ ಬರುವ ಮೊದಲು ಹಳ್ಳಿಯ ವೃದ್ಧರ ಆರೈಕೆ ಮನೆಯ ಹೆಂಗಸರ ಪಾಲಿನ ಕೆಲಸವಾಗಿತ್ತು. ಹೆಂಡತಿ, ಸೊಸೆ, ವಿಧವೆಯಾಗಿ ತವರಿಗೆ ಮರಳಿದ ಮಗಳು ಇವರೇ ಉಣಿಸುವ, ಮೀಯಿಸುವ, ಮಲಮೂತ್ರಗಳನ್ನು ತೆಗೆಯುವ ಕೆಲಸವನ್ನು ಮಾಡುತ್ತಿದ್ದರು. ಮೂಳೆ ಕಟ್ಟುವವರು ಮತ್ತು ನಾಟಿ ಔಷಧ ಕೊಡುವವರು ಆಗಾಗ ನೆರವಾಗುತ್ತಿದ್ದರು.

ಈ ಸಂದರ್ಭದಲ್ಲಿ ಒಂದು ಅಂಶ ಗಮನಾರ್ಹವಾಗಿದೆ. ಹುಟ್ಟಿಗೆ ನೆರವಾಗುವವಳಿಗೆ ಕನ್ನಡದಲ್ಲಿ ಸೂಲಗಿತ್ತಿ ಎಂಬ ಗೌರವದ ವೃತ್ತಿನಾಮವಿದೆ. ಚಳ್ಳಕೆರೆಗೆ ನೆರೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆತಾಗ ಆ ಹೆಸರಿಗೆ ರಾಷ್ಟ್ರಮನ್ನಣೆಯೂ ಸಂದಿತು. ಆದರೆ ಹಾಸಿಗೆ ಹಿಡಿದ ಮುದುಕರನ್ನು ವರ್ಷಗಟ್ಟಲೆ ನೋಡಿಕೊಳ್ಳುವವಳಿಗೆ ಅಂತಹ ಪ್ರತ್ಯೇಕ ಹೆಸರು ಬಳಕೆಗೆ ಬರಲಿಲ್ಲ. ಅದು ವೃತ್ತಿಯೆಂದು ಪರಿಗಣಿತವಾಗದೆ ಸೊಸೆತನದ ಒಂದು ಭಾಗವಾಗಿಯೇ ಉಳಿಯಿತು. ಸರ್ಕಾರ ಹಳ್ಳಿಗೆ ಶುಶ್ರೂಷೆಯನ್ನು ತರಲು ಹೊರಟಾಗ ಆಗಲೇ ಹೆಸರಿದ್ದ ಕೆಲಸದ ಮೇಲೆ, ಅಂದರೆ ಸೂಲಗಿತ್ತಿಯ ಕೆಲಸದ ಮೇಲೆ, ತನ್ನ ವ್ಯವಸ್ಥೆಯನ್ನು ಕಟ್ಟಿತು. ಹೆಸರಿಲ್ಲದ ಕೆಲಸ ಮನೆಯೊಳಗೇ ಉಳಿಯಿತು.

ಸಂಸ್ಥಾನದ ಕಾಲ

ಈ ಎರಡೂ ತಾಲ್ಲೂಕುಗಳು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಸಂಸ್ಥಾನದ ವೈದ್ಯಾಡಳಿತ ಸ್ತ್ರೀಯರ ಹೆರಿಗೆ ಮತ್ತು ಶಿಶುಮರಣದ ಪ್ರಶ್ನೆಗೆ ಆದ್ಯತೆ ನೀಡಿತು. 1920ರ ದಶಕದ ಕೊನೆಯಿಂದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಕಾರದೊಂದಿಗೆ ಸಾರ್ವಜನಿಕ ಆರೋಗ್ಯ ವ್ಯವಸ್ಥೆ ಮರುರೂಪುಗೊಂಡಿತು. ಮಂಡ್ಯದಲ್ಲಿ, ಅನಂತರ ಆಗ ಕ್ಲೋಸ್‌ಪೇಟೆ ಎಂದು ಕರೆಯಲಾಗುತ್ತಿದ್ದ ರಾಮನಗರದಲ್ಲಿ, ಗ್ರಾಮೀಣ ಆರೋಗ್ಯ ಘಟಕಗಳು ತಲೆಯೆತ್ತಿದವು. 1930ರಲ್ಲಿ ಮೈಸೂರು ಸರ್ಕಾರ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದು, ಸರ್ಕಾರವೇ ಇಂತಹ ಕಾರ್ಯಕ್ಕೆ ಕೈಹಾಕಿದ ಮೊದಲ ನಿದರ್ಶನವಾಯಿತು.

ಇದನ್ನು ಇಂಗ್ಲೆಂಡಿನ ಅನುಭವದೊಂದಿಗೆ ಹೋಲಿಸಬಹುದು. 1859ರಲ್ಲಿ ಲಿವರ್‌ಪೂಲಿನ ವಿಲಿಯಂ ರಾತ್‌ಬೋನ್ ಅವರು ತಮ್ಮ ಪತ್ನಿಯ ಕೊನೆಗಾಲದಲ್ಲಿ ಆರೈಕೆ ಮಾಡಿದ್ದ ಮೇರಿ ರಾಬಿನ್ಸನ್ ಎಂಬ ಶುಶ್ರೂಷಕಿಯನ್ನು ಬಡರೋಗಿಗಳ ಮನೆಗಳಿಗೆ ಕಳುಹಿಸಲು ನೇಮಿಸಿಕೊಂಡರು. ಅಲ್ಲಿನ ಮನೆಭೇಟಿಯ ಶುಶ್ರೂಷಾ ವ್ಯವಸ್ಥೆ ಇದರಿಂದ ಬೆಳೆಯಿತು. ಅಂದರೆ ಅಲ್ಲಿ ಮನೆಗೆ ಬಂದ ಶುಶ್ರೂಷಕಿ ಮೊದಲು ಹೋದದ್ದು ವಾಸಿಯಾಗದ ಕಾಯಿಲೆಯವರ ಹಾಸಿಗೆಯ ಬಳಿಗೆ. ನಮ್ಮಲ್ಲಿ ಆಕೆ ಹೋದದ್ದು ಬಾಣಂತಿಯ ಕೋಣೆಗೆ. ಹೆರಿಗೆಯಲ್ಲಿ ತಾಯಂದಿರೂ ಮೊದಲ ವರ್ಷದಲ್ಲಿ ಶಿಶುಗಳೂ ಅಧಿಕ ಸಂಖ್ಯೆಯಲ್ಲಿ ಸಾಯುತ್ತಿದ್ದ ಕಾಲದಲ್ಲಿ ಆ ಆಯ್ಕೆ ಅನಿವಾರ್ಯವಾಗಿತ್ತು. ಆದರೆ ಆರಂಭದ ಆಯ್ಕೆಯೇ ಮುಂದಿನ ಸಂಸ್ಥೆಗಳ ಸ್ವರೂಪವನ್ನು ನಿರ್ಧರಿಸಿತು.

ಭೋರ್ ಸಮಿತಿಯಿಂದ ಉಪಕೇಂದ್ರದವರೆಗೆ

1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯು ಬ್ರಿಟಿಷ್ ಭಾರತದಲ್ಲಿ ಸುಮಾರು 7,000 ಶುಶ್ರೂಷಕಿಯರು ಮಾತ್ರ ಇದ್ದುದನ್ನು, ಅಂದರೆ ಸುಮಾರು 43,000 ಜನರಿಗೆ ಒಬ್ಬರಂತೆ ಇದ್ದುದನ್ನು, ದಾಖಲಿಸಿತು. ಅಲ್ಪಾವಧಿ ಯೋಜನೆಯಲ್ಲಿ 40,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವನ್ನೂ ಅದರಲ್ಲಿ ನಾಲ್ವರು ಸಾರ್ವಜನಿಕ ಆರೋಗ್ಯ ಶುಶ್ರೂಷಕಿಯರನ್ನೂ ಶಿಫಾರಸು ಮಾಡಿತು. 1952ರಿಂದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದೊಂದಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹಳ್ಳಿಗಳಿಗೆ ಬಂದವು. ಆದರೆ ಪೂರ್ಣ ತರಬೇತಿಯ ಶುಶ್ರೂಷಕಿಯರ ಕೊರತೆಯಿಂದಾಗಿ ಎರಡು ವರ್ಷ ತರಬೇತಿ ಪಡೆದ ಸಹಾಯಕ ಶುಶ್ರೂಷಕಿ–ಸೂಲಗಿತ್ತಿಯೇ, ಅಂದರೆ ಎ.ಎನ್.ಎಂ., ಹಳ್ಳಿಯ ಆರೋಗ್ಯ ವ್ಯವಸ್ಥೆಯ ಆಧಾರವಾದರು. ಜನ ಅವರನ್ನು ‘ನರ್ಸಮ್ಮ’ ಎಂದೂ ‘ಸಿಸ್ಟರ್’ ಎಂದೂ ಕರೆದರು. ಮುಂದೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂಬ ಸರ್ಕಾರಿ ಪದನಾಮ ಬಂದಮೇಲೂ ಊರಿನ ಬಾಯಲ್ಲಿ ಅವರು ನರ್ಸಮ್ಮನಾಗಿಯೇ ಉಳಿದರು.

1973ರ ಕರ್ತಾರ್ ಸಿಂಗ್ ಸಮಿತಿ ಒಂದೊಂದು ಕಾಯಿಲೆಗೆ ಒಬ್ಬೊಬ್ಬ ನೌಕರರೆಂಬ ಪದ್ಧತಿಯನ್ನು ಕೈಬಿಟ್ಟು, 3,000ದಿಂದ 3,500 ಜನರಿಗೆ ಒಂದು ಉಪಕೇಂದ್ರ ಹಾಗೂ ಅಲ್ಲಿ ಒಬ್ಬ ಪುರುಷ, ಒಬ್ಬ ಮಹಿಳಾ ಬಹೂದ್ದೇಶ ಕಾರ್ಯಕರ್ತರು ಇರಬೇಕೆಂದಿತು. 1977ರಲ್ಲಿ ಎ.ಎನ್.ಎಂ. ತರಬೇತಿಯನ್ನು ಪರಿಷ್ಕರಿಸಿ ಅವಧಿಯನ್ನು ಹದಿನೆಂಟು ತಿಂಗಳಿಗೆ ಇಳಿಸಲಾಯಿತು. ಪದನಾಮದಲ್ಲಿ ‘ಬಹೂದ್ದೇಶ’ವಿದ್ದರೂ ಶುಶ್ರೂಷೆಯ ಪಾಲು ಕುಗ್ಗಿ ತಾಯಿ–ಮಗುವಿನ ಸೇವೆ ಮತ್ತು ಕುಟುಂಬ ಯೋಜನೆಯ ಪಾಲು ಹಿಗ್ಗಿತು.

ಗುರಿಯ ಆಡಳಿತ ಮತ್ತು ನೋಂದಣಿ ಪುಸ್ತಕ

ಕುಟುಂಬ ಯೋಜನೆಗೆ 1960ರ ದಶಕದ ಮಧ್ಯಭಾಗದಿಂದ ಸಂಖ್ಯಾಗುರಿಗಳು ನಿಗದಿಯಾದವು. ವಿಶ್ವಬ್ಯಾಂಕ್ ಮತ್ತು ಸ್ವೀಡನ್ನಿನ ನೆರವಿನೊಂದಿಗೆ 1973ರಲ್ಲಿ ಆರಂಭವಾದ ಮೊದಲ ಭಾರತ ಜನಸಂಖ್ಯಾ ಯೋಜನೆಯನ್ನು ಕರ್ನಾಟಕದಲ್ಲಿ ಬೆಂಗಳೂರು ವಿಭಾಗದ ಜಿಲ್ಲೆಗಳಲ್ಲಿ ಜಾರಿಗೊಳಿಸಲಾಯಿತು. ಚಿತ್ರದುರ್ಗವೂ ಆ ವಿಭಾಗದ ಜಿಲ್ಲೆಯೇ. ಜನಸಂಖ್ಯೆಯ ನಿಯಂತ್ರಣವೇ ಹೀಗೆ ಗ್ರಾಮೀಣ ಆರೋಗ್ಯ ವ್ಯವಸ್ಥೆಯ ವಿಸ್ತರಣೆಗೆ ಹಣವನ್ನೂ ದಿಕ್ಕನ್ನೂ ಒದಗಿಸಿತು.

ಇದರ ಪರಿಣಾಮವನ್ನು ಉಪಕೇಂದ್ರದ ದಾಖಲೆಗಳ ಸ್ವರೂಪದಲ್ಲಿ ಸ್ಪಷ್ಟವಾಗಿ ಗುರುತಿಸಬಹುದು. ಅರ್ಹ ದಂಪತಿಗಳ ಪುಸ್ತಕ, ಗರ್ಭಿಣಿಯರ ಪುಸ್ತಕ, ಹೆರಿಗೆ ಪುಸ್ತಕ, ಲಸಿಕೆ ಪುಸ್ತಕ ಇವು ನರ್ಸಮ್ಮನ ಚೀಲದಲ್ಲಿದ್ದ ಮುಖ್ಯ ದಾಖಲೆಗಳು. ಈ ಪುಸ್ತಕಗಳಲ್ಲಿ ಮಗು ಹುಟ್ಟಿನೊಂದಿಗೆ ಪ್ರವೇಶಿಸಿ ಐದು ವರ್ಷಕ್ಕೆ ಹೊರಬೀಳುತ್ತದೆ. ಹೆಣ್ಣು ಮದುವೆಯೊಂದಿಗೆ ಪ್ರವೇಶಿಸಿ ಹೆಚ್ಚೆಂದರೆ 49ಕ್ಕೆ ಹೊರಬೀಳುತ್ತಾಳೆ. ಅನಂತರದ ಇಪ್ಪತ್ತು, ಮೂವತ್ತು ವರ್ಷಗಳ ಬದುಕಿಗೆ ಪುಟವಿರಲಿಲ್ಲ. ಗುರಿ ಮುಟ್ಟದಿದ್ದರೆ ಮೇಲಧಿಕಾರಿಗಳ ಪ್ರಶ್ನೆಗೆ ಉತ್ತರಿಸಬೇಕಾಗಿದ್ದ ನೌಕರಳಿಗೆ, ಪುಟವಿಲ್ಲದವರಿಗಾಗಿ ವ್ಯಯಿಸಿದ ಹೊತ್ತು ಲೆಕ್ಕಕ್ಕೆ ಬಾರದ ಹೊತ್ತಾಗಿತ್ತು.

ಈ ಸೀಮೆಯ ಹಟ್ಟಿಗಳ ರಚನೆಯೂ ಇಲ್ಲಿ ವಿಚಾರಣೀಯವಾಗಿದೆ. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯನ್ನೂ ಹಟ್ಟಿಯ ಹೊರಗಿನ ಗುಡಿಸಿಲಿನಲ್ಲಿರಿಸುವ ಪದ್ಧತಿ ತೀರ ಇತ್ತೀಚಿನವರೆಗೂ ವರದಿಯಾಗಿದೆ. ಬಾಣಂತಿಯನ್ನು ನೋಡಲೆಂದೇ ಬಂದ ಶುಶ್ರೂಷಕಿಯ ಭೇಟಿ ಇಂತಹ ಕಡೆ ಹಟ್ಟಿಯ ಅಂಚಿನಲ್ಲಿಯೇ ಮುಗಿಯುವ ಸಾಧ್ಯತೆಯಿತ್ತು, ವೃದ್ಧರಿದ್ದದ್ದು ಒಳಗೆ. ಕಾರ್ಯಕ್ರಮದ ಆದ್ಯತೆ ಮತ್ತು ಸಮುದಾಯದ ಆಚರಣೆ ಎರಡೂ ಸೇರಿ ವೃದ್ಧರನ್ನು ದೂರವಿರಿಸಿರಬಹುದೆಂದು ಊಹಿಸಲು ಅವಕಾಶವಿದೆ.

ಹಾಗೆಂದು ವೃದ್ಧರು ವ್ಯವಸ್ಥೆಯ ಕಣ್ಣಿಗೆ ಬೀಳಲೇ ಇಲ್ಲವೆನ್ನಲಾಗದು. ಕ್ಷಯ, ಕುಷ್ಠ ಮತ್ತು ಅಂಧತ್ವ ನಿಯಂತ್ರಣ ಕಾರ್ಯಕ್ರಮಗಳ ಮೂಲಕ ಅವರು ‘ರೋಗಿ’ಗಳಾಗಿ ದಾಖಲೆಗೆ ಬಂದರು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1960–61ರಲ್ಲಿ ನೆರೆಯ ತುಮಕೂರು ಜಿಲ್ಲೆಯಲ್ಲಿ ನಡೆಸಿದ ಸಮೀಕ್ಷೆಯು ಕ್ಷಯದ ಪ್ರಮಾಣ ವಯಸ್ಸಿನೊಂದಿಗೆ, ವಿಶೇಷವಾಗಿ ಪುರುಷರಲ್ಲಿ, ಏರುವುದನ್ನು ತೋರಿಸಿಕೊಟ್ಟಿತು. 1976ರಲ್ಲಿ ಆರಂಭವಾದ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಶಿಬಿರಗಳಿಗೆ ವೃದ್ಧರನ್ನು ಕರೆತಂದಿತು. ಆದರೆ ಶಿಬಿರ ಮುಗಿದೊಡನೆ ಆ ಸಂಬಂಧವೂ ಮುಗಿಯುತ್ತಿತ್ತು. ರೋಗಕ್ಕೆ ಹೆಸರಿದ್ದಾಗ ಮಾತ್ರ ವೃದ್ಧರಿಗೆ ಸ್ಥಾನವಿತ್ತು. ಮುಪ್ಪಿನ ಅಶಕ್ತತೆಗೆ ಸ್ಥಾನವಿರಲಿಲ್ಲ.

ವೃದ್ಧರು ದಾಖಲೆಗೆ ಬಂದ ಬಗೆ

ಕುಟುಂಬ ಯೋಜನೆಯ ಸಂಖ್ಯಾಗುರಿಗಳನ್ನು 1996ರಲ್ಲಿ ಕೈಬಿಡಲಾಯಿತು. 1999ರಲ್ಲಿ ವೃದ್ಧರ ರಾಷ್ಟ್ರೀಯ ನೀತಿ ಪ್ರಕಟವಾಯಿತು. 2007ರಲ್ಲಿ ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆಯೂ ಅದೇ ವರ್ಷ ಕೇಂದ್ರದ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಹಾಗೂ ಕಲ್ಯಾಣ ಅಧಿನಿಯಮವೂ ಬಂದವು. ಈ ಅಧಿನಿಯಮ ಮಕ್ಕಳ ಹೊಣೆಯನ್ನು ಕಾನೂನಿನ ಹೊಣೆಯಾಗಿಸಿತು. ಆದರೆ ವೈದ್ಯಕೀಯ ನೆರವಿಗೆ ಸಂಬಂಧಿಸಿದ ಅದರ 20ನೆಯ ಪ್ರಕರಣ ಮಾತನಾಡುವುದು ಆಸ್ಪತ್ರೆಯ ಹಾಸಿಗೆ, ಪ್ರತ್ಯೇಕ ಸರತಿ ಸಾಲು ಮತ್ತು ಜಿಲ್ಲಾ ಆಸ್ಪತ್ರೆಯ ಸೌಲಭ್ಯಗಳನ್ನು ಕುರಿತು. ಸರತಿಯಲ್ಲಿ ನಿಲ್ಲಲಾರದೆ ಹಟ್ಟಿಯಲ್ಲಿ ಮಲಗಿರುವವರಿಗೆ ಅದರಲ್ಲಿ ಹೆಚ್ಚಿನದೇನೂ ಇಲ್ಲ.

ಮನೆಯ ಆರೈಕೆ ಸರ್ಕಾರಿ ಕಾರ್ಯಕ್ರಮದ ಭಾಗವಾದದ್ದು 2010–11ರಲ್ಲಿ ದೇಶದ ಆಯ್ದ ಜಿಲ್ಲೆಗಳಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಪಾಲನಾ ಕಾರ್ಯಕ್ರಮದಲ್ಲಿ. ಹಾಸಿಗೆ ಹಿಡಿದ ವೃದ್ಧರ ಮನೆಗೆ ಭೇಟಿ ನೀಡುವುದು ಮತ್ತು ಅವರನ್ನು ನೋಡಿಕೊಳ್ಳುವ ಮನೆಯವರಿಗೆ ತಿಳಿವಳಿಕೆ ನೀಡುವುದು ಉಪಕೇಂದ್ರದ ಸಿಬ್ಬಂದಿಯ ಕರ್ತವ್ಯಗಳಲ್ಲಿ ಸೇರಿದವು. 2018ರಲ್ಲಿ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಪರಿವರ್ತಿಸುವ ಯೋಜನೆ ಆರಂಭವಾಯಿತು. 2023ರಲ್ಲಿ ಇವುಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರವೆಂದು ಹೆಸರಿಡಲಾಯಿತು. ಶುಶ್ರೂಷಾ ಶಿಕ್ಷಣ ಪಡೆದವರು ಇಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ನೇಮಕಗೊಂಡರು. ಈ ಕೇಂದ್ರಗಳು ನೀಡಬೇಕಾದ ಹನ್ನೆರಡು ಬಗೆಯ ಸೇವೆಗಳಲ್ಲಿ ವೃದ್ಧರ ಆರೈಕೆ ಮತ್ತು ಉಪಶಮನ ಆರೈಕೆಯೂ ಸೇರಿವೆ. ಆಶಾ ಕಾರ್ಯಕರ್ತೆಯರು ತುಂಬುವ ಸಮೀಕ್ಷಾ ನಮೂನೆ 30 ವರ್ಷ ಮೀರಿದ ಎಲ್ಲರನ್ನೂ ಒಳಗೊಂಡು, 60 ಮೀರಿದವರಿಗೆ ಪ್ರತ್ಯೇಕ ಪ್ರಶ್ನೆಗಳನ್ನು ಹೊಂದಿದೆ. ನಲವತ್ತೊಂಬತ್ತಕ್ಕೆ ಮುಗಿಯುತ್ತಿದ್ದ ಪುಸ್ತಕ ಹೀಗೆ ಬದುಕಿನ ಕೊನೆಯವರೆಗೆ ಚಾಚಿಕೊಂಡಿತು.

ಮನೆಭೇಟಿಯ ಮಹತ್ವ

ವೃದ್ಧರ ಅನೇಕ ತೊಂದರೆಗಳಿಗೆ ವೈದ್ಯರಿಗಿಂತ ಶುಶ್ರೂಷಕಿಯ ಅವಶ್ಯಕತೆಯೇ ಹೆಚ್ಚು. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಗಳ ಮಾತ್ರೆಗಳನ್ನು ತಪ್ಪದೆ ನುಂಗುತ್ತಿದ್ದಾರೆಯೇ ಎಂದು ನೋಡುವುದು, ಬರಿಗಾಲಿನಲ್ಲಿ ನಡೆಯುವ ಸಕ್ಕರೆ ಕಾಯಿಲೆಯವರ ಪಾದದ ಗಾಯವನ್ನು ಮೊದಲೇ ಗುರುತಿಸುವುದು, ಮಲಗಿದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಿ ಬೆನ್ನುಹುಣ್ಣು ಆಗದಂತೆ ತಡೆಯುವುದನ್ನು ಮನೆಯವರಿಗೆ ಕಲಿಸುವುದು, ಮೂತ್ರನಳಿಕೆಯ ಶುಚಿತ್ವ, ಬೀಳದಂತೆ ಎಚ್ಚರ ಇವೆಲ್ಲ ಶುಶ್ರೂಷೆಯ ಕ್ಷೇತ್ರಕ್ಕೆ ಸೇರಿದವು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಉಪಕರಣಗಳು ಬೇಕಿಲ್ಲ; ಆದರೆ ಮತ್ತೆ ಮತ್ತೆ ಹೋಗಿಬರುವ ಒಬ್ಬ ವ್ಯಕ್ತಿ ಬೇಕು. ನೆರೆಯ ಕೇರಳದಲ್ಲಿ 1993ರಲ್ಲಿ ಕೋಳಿಕೋಡಿನಲ್ಲಿ ಆರಂಭವಾದ ಉಪಶಮನ ಆರೈಕೆಯ ಪ್ರಯತ್ನ, 2008ರ ರಾಜ್ಯನೀತಿಯ ನಂತರ ಸ್ಥಳೀಯ ಪಂಚಾಯತಿಗಳ ಹೊಣೆಯಾಗಿ ವಿಸ್ತರಿಸಿತು. ಅಲ್ಲಿ ಸಮುದಾಯ ಶುಶ್ರೂಷಕಿಯರ ಮನೆಭೇಟಿಯೇ ಕಾರ್ಯಕ್ರಮದ ತಿರುಳಾಗಿದೆ.

ಚಳ್ಳಕೆರೆ–ಮೊಳಕಾಲ್ಮುರುವಿನಂತಹ ಸೀಮೆಯಲ್ಲಿ ಈ ಕೆಲಸಕ್ಕೆ ತೆಲುಗು–ಕನ್ನಡ ಎರಡರ ಪರಿಚಯ, ಹಟ್ಟಿಯ ಕಟ್ಟುಪಾಡುಗಳ ಅರಿವು, ಗುಳೆ ಹೋದವರ ಮನೆಯಲ್ಲಿ ಒಂಟಿಯಾಗಿ ಉಳಿದವರು ಯಾರೆಂಬ ತಿಳಿವಳಿಕೆ ಅವಶ್ಯ. ಇವು ತರಬೇತಿ ಕೇಂದ್ರದಲ್ಲಿ ದೊರೆಯುವಂಥವಲ್ಲ. ಒಂದೇ ಊರಿನಲ್ಲಿ ದೀರ್ಘಕಾಲ ಕೆಲಸ ಮಾಡಿದವರಲ್ಲಿ ಸಂಚಯಗೊಳ್ಳುವಂಥವು. ಇಂತಹ ಜ್ಞಾನದ ನಿಧಿಗಳು ಹಳೆಯ ನರ್ಸಮ್ಮಂದಿರೇ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಗ್ರಾಮೀಣ ಶುಶ್ರೂಷಾ ವ್ಯವಸ್ಥೆ ಹೆರಿಗೆಯ ಸುತ್ತ ಕಟ್ಟಲ್ಪಟ್ಟದ್ದರಿಂದ ವೃದ್ಧರು ಬಹುಕಾಲ ಅದರ ಹೊರಗುಳಿದರು. ಎರಡನೆಯದಾಗಿ, ಅವರನ್ನು ಹೊರಗಿಟ್ಟದ್ದು ಶುಶ್ರೂಷಕಿಯರ ಉದಾಸೀನವಲ್ಲ; ಅವರ ಕೈಗೆ ಕೊಟ್ಟ ಪುಸ್ತಕ ಮತ್ತು ಗುರಿ. ಮೂರನೆಯದಾಗಿ, 2010ರ ನಂತರ ವೃದ್ಧರಿಗೆ ಪುಸ್ತಕದಲ್ಲಿ ಸ್ಥಾನ ದೊರೆತಿದ್ದರೂ, ತಾಯಿ–ಮಗುವಿನ ಸೇವೆಯ ಹೊರೆ ಹೊತ್ತ ಅದೇ ಕೈಗಳಿಗೆ ಈ ಕೆಲಸವೂ ಸೇರಿದೆ. ನಮೂನೆಯಲ್ಲಿ ಅಂಕಣವಿದ್ದ ಮಾತ್ರಕ್ಕೆ ಆರೈಕೆ ಸಂದಾಯವಾಗುವುದಿಲ್ಲವೆಂಬುದನ್ನು ಕುಟುಂಬ ಯೋಜನೆಯ ಕಾಲದ ಅಂಕಿಸಂಖ್ಯೆಗಳ ಆಡಳಿತವೇ ಕಲಿಸಿದೆ. ಬ್ರಹ್ಮಗಿರಿಯ ಶಾಸನದಲ್ಲಿರುವ ಶಬ್ದದ ಮೂಲಾರ್ಥ ಕೇಳಿಸಿಕೊಳ್ಳುವುದು. ಅದಕ್ಕೆ ಸಮಯ ಬೇಕು, ಸಮಯಕ್ಕೆ ಸಿಬ್ಬಂದಿ ಬೇಕು.

ಕೊನೆಯದಾಗಿ ಸಂಶೋಧಕರ ಕರ್ತವ್ಯವನ್ನು ಕುರಿತ ಒಂದು ಮಾತು. 1960 ಮತ್ತು 70ರ ದಶಕಗಳಲ್ಲಿ ಈ ತಾಲ್ಲೂಕುಗಳ ಹಳ್ಳಿಗಳಿಗೆ ನಡೆದುಹೋದ ಮೊದಲ ತಲೆಮಾರಿನ ಶುಶ್ರೂಷಕಿಯರು ಇಂದು ತಾವೇ ವೃದ್ಧರಾಗಿದ್ದಾರೆ. ಅವರು ಬರೆದಿಟ್ಟ ದಿನಚರಿ ಮತ್ತು ನೋಂದಣಿ ಪುಸ್ತಕಗಳು ಅವಧಿ ಮೀರಿದ ಕಡತಗಳಾಗಿ ವಿಲೇವಾರಿಯಾಗುವ ಅಪಾಯದಲ್ಲಿವೆ. ಶಾಸನಗಳಿಗೂ ಕೈಫಿಯತ್ತುಗಳಿಗೂ ನಾವು ತೋರಿದ ಆಸ್ಥೆಯನ್ನು ಉಪಕೇಂದ್ರದ ಈ ಪುಸ್ತಕಗಳಿಗೂ ತೋರಬೇಕಾಗಿದೆ. ಅವುಗಳಲ್ಲಿ ಯಾರ ಹೆಸರಿದೆ ಎಂಬುದರಷ್ಟೇ ಯಾರ ಹೆಸರಿಲ್ಲ ಎಂಬುದೂ ಇತಿಹಾಸದ ಆಕರವೇ. ಪುಸ್ತಕದಲ್ಲಿ ಬರೆಯಲಾಗದಿದ್ದುದನ್ನು ಹೇಳಬಲ್ಲವರು ಆ ಶುಶ್ರೂಷಕಿಯರೊಬ್ಬರೇ. ಅವರ ಮಾತನ್ನು ಧ್ವನಿಮುದ್ರಿಸಿ ಗ್ರಂಥಾಲಯಗಳಲ್ಲಿ ಕಾಯ್ದಿರಿಸುವ ಕೆಲಸ ಅವರಿರುವಾಗಲೇ ನಡೆಯಬೇಕು.